ಏಳು ಮುಗಿಯಿತು, ಎಂಟಕ್ಕೆ ಎಲ್ಲಿಗೆ?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಕಾಫಿ, ಸ್ವಲ್ಪ ಗದ್ದೆ ಇದೆ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ 7ನೇ ತರಗತಿ ಮುಗಿಸಿದ್ದಾಳೆ. ಹೋಬಳಿ ಕೇಂದ್ರದ ಸರ್ಕಾರಿ ಪ್ರೌಢಶಾಲೆ ಮನೆಯಿಂದ ಆರು ಕಿಲೋಮೀಟರ್. ನಮ್ಮ ಭಾವ ಹಾಸನದಲ್ಲಿದ್ದಾರೆ. ‘ಹುಡುಗಿ ನಮ್ಮನೇಲೇ ಇರಲಿ, ಇಲ್ಲೇ ಇಂಗ್ಲಿಷ್ ಮೀಡಿಯಂಗೆ ಹಾಕಿ, ಹಳ್ಳಿ ಹೈಸ್ಕೂಲಲ್ಲಿ ಏನಿದೆ’ ಅಂತಾರೆ. ಮಗಳಿಗೆ ಮನೆ ಬಿಟ್ಟು ಹೋಗಲು ಮನಸ್ಸಿಲ್ಲ, ಆದರೆ ಮುಂದೆ ಸೈನ್ಸ್ ಓದುವ ಆಸೆ. ಏನು ಮಾಡಲಿ? ಇಲ್ಲೇ ಸೇರಿಸುವುದಾದರೆ ಏನೇನು ನೋಡಬೇಕು?

ಉತ್ತರ: ಕರೆದು ಮನೆಯಲ್ಲಿಟ್ಟುಕೊಳ್ಳುತ್ತೇನೆ ಅನ್ನುವ ಭಾವ ಸಿಗುವುದು ದೊಡ್ಡ ಮಾತು, ಅವರ ಮನಸ್ಸು ನೋಯಿಸಬೇಡಿ. ಆದರೆ ‘ಹಳ್ಳಿ ಹೈಸ್ಕೂಲು’ ಅಂತ ಒಂದೇ ತಕ್ಕಡಿಯಲ್ಲಿ ಎಲ್ಲ ಶಾಲೆಗಳನ್ನೂ ತೂಗಲಾಗದು. ಒಂದೇ ತಾಲ್ಲೂಕಿನಲ್ಲಿ ಹತ್ತು ಕಿಲೋಮೀಟರ್ ಅಂತರದ ಎರಡು ಸರ್ಕಾರಿ ಪ್ರೌಢಶಾಲೆಗಳು ಅಜಗಜಾಂತರ ಇರುವುದುಂಟು. 2019ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 89.33 ಫಲಿತಾಂಶದೊಂದಿಗೆ ರಾಜ್ಯಕ್ಕೆ ಮೊದಲು ಬಂದದ್ದು ಹಾಸನ ಜಿಲ್ಲೆಯೇ. ಆ ಲೆಕ್ಕದಲ್ಲಿ ಪೇಟೆಯ ಶಾಲೆಗಳ ಜೊತೆ ಹೋಬಳಿ ಶಾಲೆಗಳೂ ಇದ್ದವು.

ನೀವು ನೋಡಬೇಕಾದದ್ದು ಮುಖ್ಯವಾಗಿ ಮೂರು: ಗಣಿತ, ವಿಜ್ಞಾನ, ಇಂಗ್ಲಿಷಿಗೆ ಶಿಕ್ಷಕರು ನಿಜವಾಗಿ ಇದ್ದಾರಾ, ಮಗಳಿಗೆ ಏಳನೇ ತರಗತಿಯ ಪಾಠ ನಿಜವಾಗಿ ಬಂದಿದೆಯಾ, ಸಂಜೆ ಅವಳು ಮನೆಗೆ ಹೇಗೆ ಬರುತ್ತಾಳೆ. ಈ ಮೂರಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಊರಿನ ಹತ್ತಿರದ ಶಾಲೆಗೇ ಸೇರಿಸಿ. ಎಲ್ಲರೂ ಹತ್ತನೇ ತರಗತಿಗೆ ಬಂದಾಗ ಎಚ್ಚರಾಗುತ್ತಾರೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಹೈಸ್ಕೂಲಿನ ಮೂರು ವರ್ಷದಲ್ಲಿ ಮಗುವಿನ ಹಣೆಬರಹ ಬರೆಯುವುದು ಎಂಟನೇ ತರಗತಿ, ಅದರಲ್ಲೂ ಅದರ ಮೊದಲ ನಾಲ್ಕು ತಿಂಗಳು.

ಮೊದಲು ಶಿಕ್ಷಕರ ವಿಷಯ. ಎಂಟು, ಒಂಬತ್ತು, ಹತ್ತು ಅಂತ ಮೂರೇ ತರಗತಿ ಇರುವ ಸಣ್ಣ ಪ್ರೌಢಶಾಲೆಯಲ್ಲೂ ಮುಖ್ಯ ಶಿಕ್ಷಕರ ಜೊತೆಗೆ ಕನ್ನಡ, ಇಂಗ್ಲಿಷ್, ಹಿಂದಿ, ಸಮಾಜ ವಿಜ್ಞಾನ, ಪಿಸಿಎಂ, ಸಿಬಿಝಡ್, ದೈಹಿಕ ಶಿಕ್ಷಣ ಅಂತ ಬೇರೆಬೇರೆ ಹುದ್ದೆ ಇರಬೇಕು. ಪಿಸಿಎಂ ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು. ಹೈಸ್ಕೂಲಿನಲ್ಲಿ ಗಣಿತದ ಭಾರ ಅವರದೇ. ಸಿಬಿಝಡ್‌ನವರು ಜೀವಶಾಸ್ತ್ರದ ಕಡೆಯವರು, ವಿಜ್ಞಾನ ತೆಗೆದುಕೊಳ್ಳುತ್ತಾರೆ. ಮಲೆನಾಡಿನ ಒಳಭಾಗದ ಶಾಲೆಗಳಲ್ಲಿ ಹೆಚ್ಚಾಗಿ ಖಾಲಿ ಬೀಳುವುದು ಪಿಸಿಎಂ ಮತ್ತು ಇಂಗ್ಲಿಷ್ ಹುದ್ದೆಗಳೇ. ವರ್ಗಾವಣೆ ಕೌನ್ಸೆಲಿಂಗ್ ಬಂದಾಗ ಅನುಭವಿ ಮೇಷ್ಟ್ರುಗಳು ಬಯಲು ಕಡೆಗೋ ಪೇಟೆ ಕಡೆಗೋ ಹೋಗುತ್ತಾರೆ, ಆ ಜಾಗಕ್ಕೆ ಇನ್ನೊಬ್ಬರು ಬರುವುದು ತಡವಾಗುತ್ತದೆ.

ಶಾಲೆಗೆ ಹೋದಾಗ ‘ಎಲ್ಲ ಟೀಚರ್ ಇದ್ದಾರಾ?’ ಅಂತ ಕೇಳಿದರೆ ‘ಇದ್ದಾರೆ’ ಅಂತಲೇ ಉತ್ತರ ಬರುತ್ತದೆ, ಅದು ಸುಳ್ಳೂ ಆಗಿರುವುದಿಲ್ಲ. ಹೀಗೆ ಕೇಳಿ: ಗಣಿತದ ಮೇಷ್ಟ್ರು ಕಾಯಂ ಶಿಕ್ಷಕರಾ, ಅತಿಥಿ ಶಿಕ್ಷಕರಾ? ಅತಿಥಿಗಳಾದರೆ ಕಳೆದ ವರ್ಷ ಯಾವ ತಿಂಗಳಲ್ಲಿ ಬಂದರು? ಎರಡನೇ ಪ್ರಶ್ನೆಯ ಉತ್ತರದಲ್ಲೇ ಎಲ್ಲ ಇದೆ. ಅತಿಥಿ ಶಿಕ್ಷಕರಲ್ಲಿ ತುಂಬ ಒಳ್ಳೆಯವರಿದ್ದಾರೆ, ಕೆಲವು ಶಾಲೆಗಳು ನಿಂತಿರುವುದೇ ಅವರಿಂದ. ತೊಂದರೆ ಅವರದಲ್ಲ, ನೇಮಕದ ಹೊತ್ತಿನದು. ಜೂನ್‌ನಲ್ಲಿ ಬಂದವರು ಇಡೀ ವರ್ಷ ಕಲಿಸುತ್ತಾರೆ. ಆಗಸ್ಟ್ ಕೊನೆಗೆ ಬಂದವರು ಕಳೆದ ಮೂರು ತಿಂಗಳ ಪಾಠವನ್ನು ಮೂರು ವಾರದಲ್ಲಿ ಓಡಿಸಬೇಕಾಗುತ್ತದೆ. ಎಂಟನೇ ತರಗತಿಯ ಗಣಿತದಲ್ಲಿ ಆ ಮೂರು ತಿಂಗಳಲ್ಲೇ ಭಾಗಲಬ್ಧ ಸಂಖ್ಯೆಗಳು ಬರುವುದು.

ಹುದ್ದೆ ಖಾಲಿಯಿದ್ದರೆ ಆ ಶಾಲೆ ಬೇಡ ಅಂತ ಕೂಡಲೇ ತೀರ್ಮಾನಿಸಬೇಡಿ. ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ (ಪೋಷಕರಿರುವ ಶಾಲಾ ಸಮಿತಿ) ಸೇರಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಲಿಖಿತ ಮನವಿ ಕೊಟ್ಟರೆ ಹತ್ತಿರದ ಶಾಲೆಯ ಶಿಕ್ಷಕರನ್ನು ವಾರಕ್ಕೆ ಎರಡು ಮೂರು ದಿನ ನಿಯೋಜನೆ ಮೇಲೆ ಹಾಕಲು ಅವಕಾಶವಿದೆ. ಮನವಿಯಲ್ಲಿ ಮಕ್ಕಳ ಸಂಖ್ಯೆ, ಹುದ್ದೆ ಖಾಲಿಯಾದ ದಿನಾಂಕ, ಹತ್ತನೇ ತರಗತಿಯಲ್ಲಿ ಎಷ್ಟು ಮಕ್ಕಳು ಎಂಬುದನ್ನು ಬರೆಯಿರಿ, ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬಂದದ್ದು ಕಡತಕ್ಕೆ ಸೇರುವುದಿಲ್ಲ.

ಫಲಿತಾಂಶದ ಬೋರ್ಡು ನೋಡಿ ಮರುಳಾಗಬೇಡಿ, ಹೆದರಲೂ ಬೇಡಿ. ಹತ್ತನೇ ತರಗತಿಯಲ್ಲಿ 22 ಮಕ್ಕಳಿರುವ ಶಾಲೆಯಲ್ಲಿ ಒಬ್ಬ ಹುಡುಗ ಫೇಲಾದರೆ ಶೇಕಡಾವಾರು ನಾಲ್ಕೂವರೆ ಇಳಿಯುತ್ತದೆ. ಒಂದು ವರ್ಷ ಶೇ 100, ಮರುವರ್ಷ ಶೇ 82 ಅಂದರೆ ಶಾಲೆ ಹಾಳಾಯಿತು ಅಂತಲ್ಲ, ನಾಲ್ಕು ಮಕ್ಕಳು ಉಳಿದುಕೊಂಡರು ಅಂತ ಅಷ್ಟೇ. ಅದರ ಬದಲು, ಮೂರು ವರ್ಷದ ಹಿಂದೆ ಎಂಟಕ್ಕೆ ಸೇರಿದವರು ಎಷ್ಟು, ಈ ವರ್ಷ ಪರೀಕ್ಷೆ ಬರೆದವರು ಎಷ್ಟು ಅಂತ ಕೇಳಿ. 40 ಮಂದಿ ಸೇರಿ 28 ಮಂದಿ ಬರೆದು 28 ಮಂದಿಯೂ ಪಾಸಾದ ಶಾಲೆಗಿಂತ, 40 ಮಂದಿ ಸೇರಿ 39 ಮಂದಿ ಬರೆದು 35 ಮಂದಿ ಪಾಸಾದ ಶಾಲೆ ಮೇಲು. ಮೊದಲನೆಯದರಲ್ಲಿ ಹನ್ನೆರಡು ಮಕ್ಕಳು ದಾರಿಯಲ್ಲೇ ಕಳೆದುಹೋಗಿದ್ದಾರೆ, ಅವರು ಯಾವ ಲೆಕ್ಕದಲ್ಲೂ ಕಾಣುವುದಿಲ್ಲ. ಕಾಫಿ ತೋಟದ ಕೂಲಿ ಲೈನಿನಲ್ಲಿರುವ ವಲಸೆ ಕುಟುಂಬಗಳ ಮಕ್ಕಳು ನಡುವೆ ಊರು ಬಿಡುವುದು ನಿಜ, ಅದನ್ನು ಮುಖ್ಯ ಶಿಕ್ಷಕರು ಹೇಳಿದರೆ ಒಪ್ಪಿಕೊಳ್ಳಿ. ಟಿಸಿ ಕೊಟ್ಟು ಬೇರೆ ಶಾಲೆಗೆ ಹೋದವರೂ ಓದೇ ಬಿಟ್ಟವರೂ ಒಂದೇ ಅಲ್ಲ.

ಪ್ರಯೋಗಾಲಯವನ್ನೂ ಒಮ್ಮೆ ನೋಡಿ ಬನ್ನಿ; ಮಗಳಿಗೆ ಸೈನ್ಸ್ ಆಸೆ ಇದೆಯಲ್ಲ. ಬೇರೆ ಕೋಣೆ ಇಲ್ಲದಿದ್ದರೂ ಚಿಂತೆಯಿಲ್ಲ, ಬೀರು ತೆರೆಸಿ ನೋಡಿ. ಮೈಲುತುತ್ತು, ಲಿಟ್ಮಸ್, ಮೆಗ್ನೀಸಿಯಂ ಪಟ್ಟಿ, ಪೀನ ಮಸೂರ, ಆಮ್ಮೀಟರ್, ಒಂದು ಸೂಕ್ಷ್ಮದರ್ಶಕ ಇದ್ದರೆ ಹೈಸ್ಕೂಲಿನ ಮುಕ್ಕಾಲು ಪ್ರಯೋಗ ಮಾಡಿ ತೋರಿಸಬಹುದು. ಮಲೆನಾಡಿನ ಶಾಲೆಗಳಲ್ಲಿ ಸಾಮಾನು ಕೆಡುವುದು ಬಳಕೆಯಿಂದಲ್ಲ, ತೇವದಿಂದ. ಬೀಗ ಹಾಕಿಟ್ಟ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ, ಪಿಎಚ್ ಕಾಗದ ಬಣ್ಣ ಬದಲಾಯಿಸುವುದನ್ನೇ ಮರೆಯುತ್ತದೆ. ಕಬ್ಬಿಣದ ಮೊಳೆ ಮೊದಲೇ ತುಕ್ಕು ಹಿಡಿದಿದ್ದರೆ ಮೈಲುತುತ್ತಿನ ದ್ರಾವಣದಲ್ಲಿ ಅದರ ಮೇಲೆ ತಾಮ್ರ ಸರಿಯಾಗಿ ಕೂರುವುದಿಲ್ಲ. ಮರಳು ಕಾಗದದಲ್ಲಿ ಉಜ್ಜಿ ಹೊಳಪು ಬರಿಸಿ ಹಾಕಿದರೆ ಅರ್ಧ ಗಂಟೆಯೊಳಗೆ ಕೆಂಪು ಲೇಪ ಕಾಣುತ್ತದೆ. ಸೂಕ್ಷ್ಮದರ್ಶಕ, ಮಸೂರಗಳನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟ ಶಾಲೆ ಕಂಡರೆ ಅಲ್ಲಿ ಯಾರೋ ಒಬ್ಬರು ಮನಸ್ಸಿಟ್ಟು ಕಲಿಸುತ್ತಿದ್ದಾರೆ ಅಂತ ತಿಳಿಯಿರಿ.

ಈಗ ಮಗಳ ಕಡೆಗೆ ಬರೋಣ. ಏಳನೇ ತರಗತಿಯ ಅಂಕಪಟ್ಟಿಯಲ್ಲಿ ಎ ಅಥವಾ ಎ ಪ್ಲಸ್ ಇದೆ ಅಂತ ಸುಮ್ಮನಾಗಬೇಡಿ. ಬೇಸಿಗೆ ರಜೆಯಲ್ಲಿ ಒಂದು ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಈ ನಾಲ್ಕು ಲೆಕ್ಕ ಕೊಡಿ. ಪರೀಕ್ಷೆ ಅನ್ನಬೇಡಿ, ಅವಳು ಹೇಗೆ ಮಾಡುತ್ತಾಳೆ ನೋಡಿ. ನಾಲ್ಕನೇ ಮೂರು ಮತ್ತು ಐದನೇ ಎರಡು, ಅಂದರೆ 3/4 + 2/5. 4896ನ್ನು 12ರಿಂದ ಭಾಗಿಸು. 640ರ ಶೇ 15 ಎಷ್ಟು. ಮೈನಸ್ 7ಕ್ಕೆ 3 ಕೂಡಿಸಿದರೆ ಎಷ್ಟು.

ಮೊದಲನೆಯದಕ್ಕೆ ಉತ್ತರ 23/20. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 5/9 ಅಂತ ಬರೆದರೆ ಭಿನ್ನರಾಶಿ ಅಂದರೇನು ಅಂತ ಇನ್ನೂ ಹೊಳೆದಿಲ್ಲ ಅಂತ ಅರ್ಥ. ಆಗ ಲ.ಸಾ.ಅ. ಸೂತ್ರವನ್ನು ಬಾಯಿಪಾಠ ಮಾಡಿಸಬೇಡಿ. ಮುಕ್ಕಾಲು ರೊಟ್ಟಿಗೆ ಇನ್ನೂ ಸ್ವಲ್ಪ ಸೇರಿಸಿದರೆ ಅರ್ಧ ರೊಟ್ಟಿಯ ಹತ್ತಿರಕ್ಕೆ ಇಳಿಯಲು ಸಾಧ್ಯವಾ ಅಂತ ಕೇಳಿ. 5/9 ಅಂದರೆ ಅರ್ಧಕ್ಕಿಂತ ಚೂರು ಹೆಚ್ಚು, 3/4 ಅದಕ್ಕಿಂತ ದೊಡ್ಡದು. ಕೂಡಿಸಿದ ಮೇಲೆ ಕಡಿಮೆಯಾಯಿತಲ್ಲ ಅನ್ನುವುದು ಅವಳಿಗೇ ಕಾಣಬೇಕು. ಎರಡನೆಯದರ ಉತ್ತರ 408. 48 ಅಂತ ಬಂದರೆ ಭಾಗಾಕಾರದ ನಡುವೆ 9ರಲ್ಲಿ 12 ಹೋಗುವುದಿಲ್ಲ ಅನ್ನುವ ಜಾಗದಲ್ಲಿ ಸೊನ್ನೆ ಬಿಟ್ಟಿದ್ದಾಳೆ. ಹಳ್ಳಿ ಪೇಟೆ ಅನ್ನದೆ ಅಸಂಖ್ಯ ಮಕ್ಕಳು ಮಾಡುವ ತಪ್ಪು ಇದು. ಉತ್ತರವನ್ನು 12ರಿಂದ ಗುಣಿಸಿ ತಾಳೆ ನೋಡುವ ಅಭ್ಯಾಸ ಮಾಡಿಸಿದರೆ ಎರಡು ವಾರದಲ್ಲಿ ಹೋಗುತ್ತದೆ. ಮೂರನೆಯದು 96. ನಾಲ್ಕನೆಯದು ಮೈನಸ್ 4. ಮೈನಸ್ 10 ಅಂದರೆ ಸಂಖ್ಯಾರೇಖೆ ಎಳೆದು, ಏಳು ಹೆಜ್ಜೆ ಹಿಂದೆ ಹೋಗಿ ಮೂರು ಹೆಜ್ಜೆ ಮುಂದೆ ಬಾ ಅನ್ನಿ.

ಇದನ್ನೇ ಇಷ್ಟು ಹಿಡಿದು ಹೇಳುವುದಕ್ಕೆ ಕಾರಣವಿದೆ. ಹತ್ತನೇ ತರಗತಿಯ ತ್ರಿಕೋನಮಿತಿ ಅಂದರೆ ಭಿನ್ನರಾಶಿ. ಸಮರೂಪ ತ್ರಿಭುಜಗಳ ಅನುಪಾತ ಅಂದರೆ ಭಿನ್ನರಾಶಿ. ಸಂಭವನೀಯತೆ, ಮಸೂರದ ಸೂತ್ರ, ಸಮಾಂತರ ಜೋಡಣೆಯ ರೋಧ, ಎಲ್ಲವೂ ಅದೇ. ಹತ್ತನೇ ತರಗತಿಯಲ್ಲಿ ‘ಗಣಿತ ತಲೆಗೆ ಹತ್ತಲ್ಲ’ ಅನ್ನುವ ಮಗುವಿಗೆ ಹತ್ತದಿರುವುದು ಹತ್ತನೆಯ ಗಣಿತವಲ್ಲ, ಐದು ಆರನೇ ತರಗತಿಯದು. ದಿನಕ್ಕೆ ಇಪ್ಪತ್ತು ನಿಮಿಷ, ಎರಡು ತಿಂಗಳು ಇದೊಂದನ್ನೇ ಮಾಡಿಸಿದರೆ ಮುಂದಿನ ಮೂರು ವರ್ಷ ಹಗುರಾಗುತ್ತದೆ. ಶಾಲೆ ಶುರುವಾದ ಕೂಡಲೇ ಸೇತುಬಂಧ ಅಂತ ಹಿಂದಿನ ತರಗತಿಯ ಪಾಠ ಸರಿಮಾಡುವ ಕಾರ್ಯಕ್ರಮ ಇರುತ್ತದೆ. ಮೊದಲಿಗೊಂದು ಪೂರ್ವ ಪರೀಕ್ಷೆ, ಕೊನೆಗೆ ಸಾಫಲ್ಯ ಪರೀಕ್ಷೆ. ಆ ಎರಡು ಉತ್ತರ ಪತ್ರಿಕೆಗಳನ್ನು ತೋರಿಸಿ ಅಂತ ಶಿಕ್ಷಕರನ್ನು ಕೇಳಿ. ಕೇಳುವ ಪೋಷಕರು ಕಡಿಮೆ, ಕೇಳಿದರೆ ಬೇಜಾರಾಗುವ ಶಿಕ್ಷಕರೂ ಕಡಿಮೆ.

ಓದುವುದನ್ನೂ ನೋಡಿ. ಏಳನೇ ತರಗತಿಯ ವಿಜ್ಞಾನ ಪುಸ್ತಕದ ಒಂದು ಪುಟ ಗಟ್ಟಿಯಾಗಿ ಓದಿಸಿ, ಪುಸ್ತಕ ಮುಚ್ಚಿ ಏನು ಓದಿದೆ ಅಂತ ಹೇಳಿಸಿ. ಓದು ಸರಾಗ, ಆದರೆ ಹೇಳಲು ಬರುವುದಿಲ್ಲ ಅಂದರೆ ಅಕ್ಷರ ಓದುತ್ತಿದ್ದಾಳೆ, ಅರ್ಥ ಓದುತ್ತಿಲ್ಲ. ಇಂಗ್ಲಿಷಿನಲ್ಲಿ ನಾಲ್ಕನೇ ತರಗತಿಯ ಪುಸ್ತಕದ ಪ್ಯಾರಾ ಓದಲು ಬಂದರೆ ಸಾಕು, ಅಲ್ಲಿಂದ ಮೇಲೆತ್ತಬಹುದು.

ಮಾಧ್ಯಮದ ಪ್ರಶ್ನೆ. ಏಳು ವರ್ಷ ಕನ್ನಡದಲ್ಲಿ ಓದಿದ ಮಗುವನ್ನು ಎಂಟಕ್ಕೆ ಏಕಾಏಕಿ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಏನಾಗುತ್ತದೆ? ಇಂಗ್ಲಿಷ್ ಭಾಷೆಯೊಂದೇ ಅಲ್ಲ, ಗಣಿತ, ವಿಜ್ಞಾನ, ಸಮಾಜ ಮೂರೂ ಒಂದೇ ದಿನ ಅಪರಿಚಿತ ಆಗುತ್ತವೆ. ಅವಳಿಗೆ ದ್ಯುತಿಸಂಶ್ಲೇಷಣೆ ಗೊತ್ತು, ಫೋಟೋಸಿಂಥೆಸಿಸ್ ಅಂದಾಗ ಗೊತ್ತಿಲ್ಲದವಳಂತೆ ಕೂರುತ್ತಾಳೆ. ಮೊದಲ ವರ್ಷ ಅರ್ಥ ಬಿಟ್ಟು ಬಾಯಿಪಾಠಕ್ಕೆ ಬೀಳುವುದು ಇಲ್ಲೇ. ಅದೂ ಸ್ವಂತ ಮನೆ ಬಿಟ್ಟು ಬೇರೆಯವರ ಮನೆಯಲ್ಲಿ, ಹದಿಮೂರರ ವಯಸ್ಸಿನಲ್ಲಿ. ಈ ಎರಡು ಬದಲಾವಣೆಯನ್ನು ಒಟ್ಟಿಗೆ ಹೇರುವುದು ಬೇಡ ಅನ್ನುವುದು ನಮ್ಮ ಸ್ಪಷ್ಟ ಅಭಿಪ್ರಾಯ.

ಹಾಗಂತ ಪಿಯುಸಿ ಸೈನ್ಸ್ ಇಂಗ್ಲಿಷಿನಲ್ಲೇ ಇರುತ್ತದೆ ಅನ್ನುವುದನ್ನು ಮರೆಯುವಂತಿಲ್ಲ. ಅದಕ್ಕೆ ಎಂಟನೇ ತರಗತಿಯಿಂದಲೇ ಒಂದು 200 ಪುಟದ ನೋಟ್‌ಬುಕ್ ಇಡಿಸಿ. ನಡುವೆ ಗೆರೆ ಎಳೆದು ಎಡಕ್ಕೆ ಕನ್ನಡದ ಪದ, ಬಲಕ್ಕೆ ಇಂಗ್ಲಿಷಿನ ಪದ: ವರ್ಗಸಮೀಕರಣಕ್ಕೆ ಕ್ವಾಡ್ರಾಟಿಕ್ ಈಕ್ವೇಶನ್, ವೇಗೋತ್ಕರ್ಷಕ್ಕೆ ಆಕ್ಸಿಲರೇಶನ್, ಲ.ಸಾ.ಅ.ಗೆ ಎಲ್‌ಸಿಎಂ. ವಾರಕ್ಕೆ ಹತ್ತು ಪದ ಅಂದರೆ ಮೂರು ವರ್ಷದಲ್ಲಿ ಸಾವಿರ ದಾಟುತ್ತದೆ. ಪ್ರಥಮ ಪಿಯುಸಿಯ ಮೊದಲ ಮೂರು ತಿಂಗಳು ಕನ್ನಡ ಮಾಧ್ಯಮದ ಮಕ್ಕಳು ಕಣ್ಣೀರಿಡುವುದು ಈ ಸಾವಿರ ಪದಗಳಿಗಾಗಿಯೇ. ವಿಷಯ ಅವರಿಗೆ ಗೊತ್ತಿರುತ್ತದೆ.

ನಿಮ್ಮ ಭಾವನಿಗೆ ಬಹುಶಃ ಗೊತ್ತಿಲ್ಲದ ಒಂದು ಲೆಕ್ಕವಿದೆ, ದಯವಿಟ್ಟು ಗಮನವಿಟ್ಟು ಓದಿ. ಸಿಇಟಿ ಮೂಲಕ ಎಂಜಿನಿಯರಿಂಗ್ ಮುಂತಾದ ವೃತ್ತಿಪರ ಸೀಟು ಹಂಚುವಾಗ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಿದೆ. ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಕನ್ನಡ ಮಾಧ್ಯಮದವರಿಗೆ ಶೇ 5. ಇವು ಆಯಾ ವರ್ಗದ ಒಳಗೇ ಸಿಗುವ ಮೀಸಲಾತಿ, ಜಾತಿಯ ಮೀಸಲಾತಿಯ ಬದಲಿಗಲ್ಲ. ಮುಖ್ಯ ಷರತ್ತು: ಮೊದಲನೆಯದಕ್ಕೆ 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು, ಎರಡನೆಯದಕ್ಕೆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ. ನಿಮ್ಮ ಮಗಳಿಗೆ ಏಳು ವರ್ಷ ಜಮೆಯಾಗಿದೆ. ಈಗ ಹಾಸನದ ನಗರದೊಳಗಿನ ಶಾಲೆಗೆ ಹೋದರೆ ಆ ಏಳು ವರ್ಷವೂ ಲೆಕ್ಕಕ್ಕೆ ಬರುವುದಿಲ್ಲ, ಒಂದು ವರ್ಷ ಕಡಿಮೆಯಾದರೂ ಇಲ್ಲ. ಹೋಬಳಿ ಶಾಲೆಯಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗವಿದ್ದು ಅಲ್ಲಿಗೆ ಸೇರಿಸಿದರೆ ಕನ್ನಡ ಮಾಧ್ಯಮದ ಮೀಸಲಾತಿ ತಪ್ಪುತ್ತದೆ, ಗ್ರಾಮೀಣದ್ದು ಉಳಿಯುತ್ತದೆ. ಒಂದು ಎಚ್ಚರಿಕೆ: ಶಾಲೆ ಪುರಸಭೆ ಅಥವಾ ಪಟ್ಟಣ ಪಂಚಾಯಿತಿ ಗಡಿಯೊಳಗೆ ಇದ್ದರೆ ಅದು ನೋಡಲು ಹಳ್ಳಿಯಂತಿದ್ದರೂ ಗ್ರಾಮೀಣವಲ್ಲ. ಸೇರಿಸುವ ಮೊದಲೇ ವಿಚಾರಿಸಿ. ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ, ಬಿಇಒ ಅವರ ಮೇಲುಸಹಿ ಎರಡೂ ಬೇಕು. ಪ್ರಾಥಮಿಕ ಶಾಲೆ, ಪ್ರೌಢಶಾಲೆ ಬೇರೆಬೇರೆ ಆದ್ದರಿಂದ ಎರಡೂ ಕಡೆಯಿಂದ ತರಬೇಕಾಗುತ್ತದೆ.

ಇದರ ಜೊತೆಗೇ ಎನ್‌ಎಂಎಂಎಸ್. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಮಾತ್ರ ಇರುವ ವಿದ್ಯಾರ್ಥಿವೇತನದ ಪರೀಕ್ಷೆ. ಖಾಸಗಿ ಅನುದಾನರಹಿತ ಶಾಲೆಗೆ ಸೇರಿದರೆ ಬರೆಯುವಂತಿಲ್ಲ. ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿರಬೇಕು, ಏಳನೇ ತರಗತಿಯಲ್ಲಿ ಶೇ 55 (ಪರಿಶಿಷ್ಟರಿಗೆ ಶೇ 50) ಅಂಕ ಬಂದಿರಬೇಕು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಎರಡು ಪತ್ರಿಕೆ, ತಲಾ 90 ಪ್ರಶ್ನೆ, 90 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಂದು ಪತ್ರಿಕೆ ಬುದ್ಧಿಶಕ್ತಿಯದು: ಸಂಖ್ಯಾಶ್ರೇಣಿ, ಸಂಕೇತ ಭಾಷೆ, ಗುಂಪಿಗೆ ಸೇರದ್ದು, ಆಕೃತಿಗಳು. ಇನ್ನೊಂದು ಪಾಠದ್ದು: ವಿಜ್ಞಾನ 35, ಸಮಾಜ 35, ಗಣಿತ 20. ಎರಡೂ ಸೇರಿ ಕನಿಷ್ಠ ಶೇ 40 (ಪರಿಶಿಷ್ಟರಿಗೆ ಶೇ 32) ಬರಬೇಕು, ಆಮೇಲೆ ಮೆರಿಟ್.

ಹಳ್ಳಿ ಮಕ್ಕಳು ಸೋಲುವುದು ಬಹಳ ಸಲ ಬುದ್ಧಿಶಕ್ತಿ ಪತ್ರಿಕೆಯಲ್ಲಿ, ಅದೂ ಬುದ್ಧಿ ಸಾಲದೆ ಅಲ್ಲ. ಒಂದು ಪ್ರಶ್ನೆಗೆ ಒಂದೇ ನಿಮಿಷ, ಜೊತೆಗೆ ಉತ್ತರಕ್ಕೆ ವೃತ್ತಗಳಿರುವ ಓಎಂಆರ್ ಹಾಳೆ ತುಂಬುವ ರೂಢಿಯಿಲ್ಲ. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದಾಗ ವೃತ್ತವೂ ಒಂದು ಬಿಡಬೇಕು ಅನ್ನುವುದು ತಪ್ಪಿದರೆ ಅಲ್ಲಿಂದ ಕೆಳಗಿನದೆಲ್ಲ ತಪ್ಪು. ಜುಲೈಯಿಂದ ವಾರಕ್ಕೆ ಒಂದು ಹಳೆಯ ಪತ್ರಿಕೆ, ಗಡಿಯಾರ ಮುಂದಿಟ್ಟು, ಓಎಂಆರ್ ಮಾದರಿ ಹಾಳೆಯ ಮೇಲೆ ಮಾಡಿಸಿದರೆ ಹದಿನೈದು ಪತ್ರಿಕೆ ಆಗುವ ಹೊತ್ತಿಗೆ ಕೈ ಕುದುರುತ್ತದೆ. ಹತ್ತನೇ ತರಗತಿಯಲ್ಲಿ ಶೇ 60 (ಪರಿಶಿಷ್ಟರಿಗೆ ಶೇ 55) ಬಾರದಿದ್ದರೆ ಪಿಯುಸಿಯ ಎರಡು ವರ್ಷದ ಹಣ ನಿಲ್ಲುತ್ತದೆ, ಅದೂ ನೆನಪಿರಲಿ.

ಇನ್ನು ದಾರಿ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹುಡುಗಿಯರಿಗೆ ಟಿಕೆಟ್ಟಿನ ಚಿಂತೆಯಿಲ್ಲ, ಆಧಾರ್ ತೋರಿಸಿದರೆ ಸಾಕು. ಆದರೆ ಉಚಿತ ಬಸ್ಸು ಬೇರೆ, ನಿಲ್ಲುವ ಬಸ್ಸು ಬೇರೆ. ನಿಮ್ಮ ಊರಿನ ಗೇಟಿನಲ್ಲಿ ಬೆಳಿಗ್ಗೆ ಬಸ್ಸು ನಿಲ್ಲುತ್ತದಾ, ಶಾಲೆ ಬಿಟ್ಟ ಮೇಲೆ ಎಷ್ಟು ಹೊತ್ತು ಕಾಯಬೇಕು ಅಂತ ಒಂದು ದಿನ ನೀವೇ ಹೋಗಿ ಬಂದು ನೋಡಿ. ನಿಲ್ಲದಿದ್ದರೆ ಶಾಲೆಯ ಮುಖಾಂತರ ಡಿಪೋ ವ್ಯವಸ್ಥಾಪಕರಿಗೆ ಪತ್ರ: ಯಾವ ಮಾರ್ಗ, ಯಾವ ಹೊತ್ತು, ಯಾವ ನಿಲ್ದಾಣ, ಎಷ್ಟು ಮಕ್ಕಳು. ಐದು ಮಕ್ಕಳ ಹೆಸರಿರುವ ಪತ್ರಕ್ಕಿಂತ ದಾರಿಯುದ್ದದ ನಾಲ್ಕು ಊರಿನ ಇಪ್ಪತ್ತು ಮಕ್ಕಳ ಪತ್ರಕ್ಕೆ ತೂಕ ಹೆಚ್ಚು. ಕೊಪ್ಪ, ಶೃಂಗೇರಿ ಕಡೆಯ ಓದುಗರಿಗೆ ಒಂದು ಮಾತು: ಅಲ್ಲಿ ಅನೇಕ ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸು, ಅದರಲ್ಲಿ ಶಕ್ತಿ ನಡೆಯುವುದಿಲ್ಲ, ಆ ಖರ್ಚು ಮೊದಲೇ ಲೆಕ್ಕ ಹಾಕಿಕೊಳ್ಳಿ. ಬಸ್ಸಿನ ದಾರಿಯೇ ಇಲ್ಲದಿದ್ದರೆ ಹೋಬಳಿಯಲ್ಲೋ ತಾಲ್ಲೂಕಿನಲ್ಲೋ ಇರುವ ಮೆಟ್ರಿಕ್ ಪೂರ್ವ ಬಾಲಕಿಯರ ಹಾಸ್ಟೆಲ್ ವಿಚಾರಿಸಿ, ಊಟ ವಸತಿ ಉಚಿತ.

ಸಕಲೇಶಪುರ, ಆಲೂರು, ಬೇಲೂರು ಕಡೆ ಬಸ್ಸಿಗಿಂತ ದೊಡ್ಡ ಪ್ರಶ್ನೆ ಆನೆ. ಹತ್ತನೇ ತರಗತಿಗೆ ನವೆಂಬರ್ ಹೊತ್ತಿಗೆ ಸಂಜೆ ವಿಶೇಷ ತರಗತಿ ಶುರುವಾಗುತ್ತದೆ. ಆಗ ಆರು ಗಂಟೆಗೆಲ್ಲ ಕತ್ತಲು, ತೋಟದ ನಡುವಿನ ದಾರಿ. ಇಂಥ ಕಡೆ ವಿಶೇಷ ತರಗತಿಯನ್ನು ಬೆಳಿಗ್ಗೆ ಎಂಟೂವರೆಗೆ ಇಡುವಂತೆ ಪೋಷಕರ ಸಭೆಯಲ್ಲಿ ಎಲ್ಲರೂ ಸೇರಿ ಕೇಳಬೇಕು. ಬೆಳಿಗ್ಗೆ ಬಸ್ಸು ಹೊಂದದಿದ್ದರೆ ಶನಿವಾರ ಮಧ್ಯಾಹ್ನ ಎರಡು ಗಂಟೆ ಹೆಚ್ಚು ಇಡಬಹುದು. ಅರಣ್ಯ ಇಲಾಖೆಯ ಆನೆ ಸಂಚಾರದ ಸಂದೇಶ ಮುಖ್ಯ ಶಿಕ್ಷಕರ ಫೋನಿಗೂ ಬರುವಂತೆ ಮಾಡಿಸಿ. ಹಿಂಡು ದಾರಿಯ ಹತ್ತಿರವಿದೆ ಅಂದ ದಿನ ಮಕ್ಕಳನ್ನು ಶಾಲೆಯಲ್ಲೇ ಉಳಿಸಿಕೊಂಡು ಮನೆಯವರಿಗೆ ಫೋನ್ ಮಾಡುವ ಪದ್ಧತಿ ಮೊದಲೇ ನಿಗದಿಯಾಗಿರಬೇಕು.

ಮಳೆಯ ಲೆಕ್ಕ ಬೇರೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ರಜೆ ಘೋಷಣೆಯಾಗುತ್ತಲೇ ಇರುತ್ತದೆ, ಆ ದಿನಗಳನ್ನು ಆಮೇಲೆ ಶನಿವಾರ ಮಧ್ಯಾಹ್ನ, ಕೆಲವೊಮ್ಮೆ ಭಾನುವಾರ ತುಂಬಿಸುತ್ತಾರೆ. ತುಂಬಿಸುವ ದಿನಗಳಲ್ಲಿ ಹಾಜರಾತಿ ಅರ್ಧಕ್ಕೆ ಇಳಿಯುವುದೇ ಮಲೆನಾಡಿನ ಮಕ್ಕಳು ಹಿಂದೆ ಬೀಳಲು ದೊಡ್ಡ ಕಾರಣ, ತಪ್ಪಿಸಬೇಡಿ. ಮಳೆಯಲ್ಲಿ ಕರೆಂಟು ನೆಟ್‌ವರ್ಕ್ ಎರಡೂ ಹೋಗುವುದರಿಂದ ವಾಟ್ಸ್ಆ್ಯಪ್ ನಂಬಿ ಕೂರುವಂತಿಲ್ಲ. ಮುಂದಿನ ಎರಡು ಪಾಠ ಯಾವುದು ಅಂತ ಮಗಳು ಮೊದಲೇ ಕೇಳಿ ಬರೆದುಕೊಂಡಿದ್ದರೆ ರಜೆಯಲ್ಲಿ ಓದಿಕೊಳ್ಳಬಹುದು. ಉಚಿತ ಪಠ್ಯಪುಸ್ತಕ ಸಿಗುವುದು ಒಂದೇ ಸಲ. ಮೊದಲ ದಿನವೇ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬ್ಯಾಗಿಗೆ ಇಡಿ.

ನವೆಂಬರ್‌ಗೆ ಅರೇಬಿಕಾ ಹಣ್ಣು, ಜನವರಿಗೆ ರೋಬಸ್ಟಾ. ಮನೆಯಲ್ಲಿ ಕೈ ಸಾಲದೆ ‘ಎರಡು ದಿನ ಉಳಿ’ ಅನ್ನುವುದು ಆಗಲೇ. ಎಸ್ಸೆಸ್ಸೆಲ್ಸಿಗೆ ಶೇ 75 ಹಾಜರಾತಿ ಕಡ್ಡಾಯ. ತಿಂಗಳಿಗೆ 24 ದಿನ ಶಾಲೆಯಿದ್ದರೆ ಆರು ದಿನಕ್ಕಿಂತ ಹೆಚ್ಚು ತಪ್ಪುವಂತಿಲ್ಲ. ಆದರೆ ಹಾಜರಾತಿಗಿಂತ ದೊಡ್ಡ ನಷ್ಟ ಬೇರೆ ಇದೆ: ಡಿಸೆಂಬರ್ ಒಳಗೆ ಪಾಠ ಮುಗಿಸಿ ಜನವರಿ, ಫೆಬ್ರುವರಿಯಲ್ಲಿ ಪುನರಾವರ್ತನೆ ಮತ್ತು ಪೂರ್ವಸಿದ್ಧತಾ ಪರೀಕ್ಷೆ ನಡೆಯುವುದೂ ಕೊಯ್ಲಿನ ಈ ತಿಂಗಳುಗಳಲ್ಲೇ.

ಪರೀಕ್ಷೆಯ ಸ್ವರೂಪ ಈವರೆಗೆ ಹೀಗಿದೆ: ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100, ಒಟ್ಟು 625. ಪ್ರಥಮ ಭಾಷೆಯಲ್ಲಿ 25, ಉಳಿದವುಗಳಲ್ಲಿ 20 ಆಂತರಿಕ ಅಂಕ. ಅದು ವರ್ಷದುದ್ದಕ್ಕೂ ನಡೆಯುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನದಿಂದ ಬರುತ್ತದೆ. ಗಣಿತದ 80 ಅಂಕದ ಪತ್ರಿಕೆಯಲ್ಲಿ 38 ಪ್ರಶ್ನೆ. ಬಹು ಆಯ್ಕೆಯವು 8, ಒಂದಂಕದವು ಇನ್ನೂ 8. 2024ರಿಂದ ವರ್ಷಕ್ಕೆ ಮೂರು ಪರೀಕ್ಷೆ ನಡೆಯುತ್ತವೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಒಮ್ಮೆ ಎಡವಿದ ಮಗುವಿಗೆ ವರ್ಷ ವ್ಯರ್ಥವಾಗದು.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹತ್ತನೇ ತರಗತಿವರೆಗೂ ಬಿಸಿಯೂಟ, ಬೆಳಿಗ್ಗೆ 18 ಗ್ರಾಂ ಹಾಲಿನ ಪುಡಿಯಿಂದ ಮಾಡಿದ 150 ಮಿಲಿಲೀಟರ್ ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು, ವಾರಕ್ಕೊಮ್ಮೆ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ಊಟದ ಮೇಲೆ ತೆಗೆದುಕೊಳ್ಳಲಿ. ಹುಡುಗಿಯರ ಶೌಚಾಲಯ ಮಾತ್ರ ತಾಯಿಯೇ ಹೋಗಿ ನೋಡಬೇಕು: ನೀರಿದೆಯಾ, ಒಳಗಿನಿಂದ ಚಿಲಕ ಹಾಕಲು ಬರುತ್ತದಾ, ಪ್ಯಾಡ್ ಬಿಸಾಡಲು ಮುಚ್ಚಳದ ಬುಟ್ಟಿ ಇದೆಯಾ. ತಿಂಗಳಿಗೆ ಮೂರು ದಿನ ಶಾಲೆ ತಪ್ಪುವುದು ಇದರಿಂದಲೇ. ಸರಿಯಿಲ್ಲದಿದ್ದರೆ ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ಕೇಳಲಿ, ನಡಾವಳಿಯಲ್ಲಿ ಬರೆಸಲಿ.

ಪ್ರತಿಭಾ ಕಾರಂಜಿ, ಹೋಬಳಿ ಮಟ್ಟದ ಕ್ರೀಡಾಕೂಟ, ಶಾಲಾ ಸಂಸತ್ತು ಇವಕ್ಕೆ ‘ಓದು ಹಾಳು’ ಅಂತ ಅಡ್ಡ ಬರಬೇಡಿ. ಸಣ್ಣ ಶಾಲೆಯ ದೊಡ್ಡ ಅನುಕೂಲ ಇದೇ: ಪೇಟೆಯ ಶಾಲೆಯಲ್ಲಿ ನೂರರಲ್ಲಿ ಒಬ್ಬಳಾಗಿ ಚಪ್ಪಾಳೆ ತಟ್ಟುವ ಹುಡುಗಿ ಇಲ್ಲಿ ಥ್ರೋಬಾಲ್ ತಂಡದಲ್ಲೂ ಇರುತ್ತಾಳೆ, ಚರ್ಚಾಸ್ಪರ್ಧೆಯಲ್ಲೂ ನಿಲ್ಲುತ್ತಾಳೆ. ವಿಜ್ಞಾನದ ಆಸೆಯಿರುವವಳಿಗೆ ಇನ್ಸ್‌ಪೈರ್ ಮಾನಕ್ ಇದೆ: ಶಾಲೆಯಿಂದ ಐದು ಹೊಸ ಆಲೋಚನೆಗಳನ್ನು ಕಳಿಸಬಹುದು, ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ. ಜಾಲತಾಣದಿಂದ ಎತ್ತಿದ ಮಾದರಿ ನಿಲ್ಲುವುದಿಲ್ಲ. ಕಾಫಿ ಒಣಗಿಸುವ ಕಣದಲ್ಲಿ ಮಳೆ ಹನಿ ಬಿದ್ದಾಗ ಏನು ಮಾಡುವುದು, ಕಾಳುಮೆಣಸು ಬಿಡಿಸುವುದು ಹೇಗೆ ಸುಲಭ, ಇಂಥ ಮನೆಯ ತೊಂದರೆಯಿಂದ ಹುಟ್ಟಿದ ಆಲೋಚನೆಗೆ ಹುರುಳಿರುತ್ತದೆ.

ಹಾಸನಕ್ಕೆ ಕಳಿಸುವುದೇ ಸರಿ ಅನ್ನುವ ಸಂದರ್ಭವೂ ಇದೆ. ಗಣಿತ, ವಿಜ್ಞಾನ ಎರಡೂ ಹುದ್ದೆ ಎರಡು ವರ್ಷದಿಂದ ಖಾಲಿಯಿದ್ದು ನಿಯೋಜನೆಯೂ ಇಲ್ಲದಿದ್ದರೆ, ಅಥವಾ ದಾರಿ ಸುರಕ್ಷಿತವಲ್ಲದೆ ಹಾಸ್ಟೆಲ್ಲೂ ಸಿಗದಿದ್ದರೆ, ಮೀಸಲಾತಿಯ ಆಸೆಗೆ ಮೂರು ವರ್ಷದ ಕಲಿಕೆ ಬಿಡುವುದು ತಪ್ಪು. ಆಗಲೂ ಮೊದಲು ಹತ್ತಿರದ ಇನ್ನೊಂದು ಗ್ರಾಮೀಣ ಪ್ರೌಢಶಾಲೆ, ಇಲ್ಲವೇ ಸರ್ಕಾರದ್ದೇ ಆದ ಕರ್ನಾಟಕ ಪಬ್ಲಿಕ್ ಶಾಲೆ ನೋಡಿ. ಪಬ್ಲಿಕ್ ಶಾಲೆಯಲ್ಲಿ ಪಿಯುಸಿಯೂ ಒಂದೇ ಆವರಣದಲ್ಲಿ ಸಿಗುತ್ತದೆ, ಆದರೆ ಅಲ್ಲಿ ವಿಜ್ಞಾನ ವಿಭಾಗ ಇದೆಯಾ ಅಂತ ಕೇಳಿಕೊಳ್ಳಿ. ಹಾಸನವನ್ನು ಪಿಯುಸಿಗೆ ಇಟ್ಟುಕೊಂಡರೆ ಭಾವನ ಮನೆಯ ನೆರವು ಆಗ ನಿಜವಾಗಿ ಬೇಕಾಗುತ್ತದೆ. ಅವರಿಗೆ ಹಾಗೆಯೇ ಹೇಳಿ.

ಸೇರಿಸುವ ದಿನ ಕಾಗದಪತ್ರ ಒಂದು ಸಲ ಸರಿಯಾಗಿ ನೋಡಿ. ಶಾಲೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿರುವ ಮಗಳ ಹೆಸರು, ಇನಿಷಿಯಲ್, ನಿಮ್ಮ ಹೆಸರು, ಜನ್ಮದಿನಾಂಕ ಆಧಾರ್ ಜೊತೆ ಅಕ್ಷರ ಅಕ್ಷರ ಹೊಂದಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುವುದು ಈ ದಾಖಲೆಯೇ. ಅಂಕಪಟ್ಟಿ ಬಂದ ಮೇಲೆ ತಿದ್ದಿಸಲು ಅಲೆದಾಟ ಹೇಳತೀರದು, ಒಂಬತ್ತನೇ ತರಗತಿ ಮುಗಿಯುವುದರೊಳಗೆ ಮುಗಿಸಿ. ಜಾತಿ ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ತಂದು ಅದರ ಆರ್‌ಡಿ ಸಂಖ್ಯೆಯನ್ನು ಶಾಲೆಗೆ ಕೊಡಿ. ಬ್ಯಾಂಕ್ ಖಾತೆ ಮಗಳ ಹೆಸರಿನಲ್ಲೇ ಇರಲಿ. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟದ್ದು ಸಾಲದು. ‘ಎನ್‌ಪಿಸಿಐ ಸೀಡಿಂಗ್ ಆಗಿದೆಯಾ’ ಅಂತ ಅದೇ ಮಾತಿನಲ್ಲಿ ಕೇಳಿ, ಸರ್ಕಾರದ ಹಣ ನೇರ ಬರುವಂತೆ ಆಧಾರನ್ನು ಖಾತೆಗೆ ಜೋಡಿಸುವುದು ಅದು. ವಿದ್ಯಾರ್ಥಿವೇತನ ಮಂಜೂರಾಗಿದೆ, ಖಾತೆಗೆ ಬಂದಿಲ್ಲ ಅನ್ನುವ ದೂರಿನಲ್ಲಿ ಬಹುಪಾಲಿಗೆ ಕಾರಣ ಇದೊಂದೇ. ಶಾಲೆ ಶುರುವಾಗುವ ಮೊದಲ ವಾರವೇ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ, ಗಣಿತದ ಮೇಷ್ಟ್ರನ್ನು ಕಂಡು, ಆ ನಾಲ್ಕು ಲೆಕ್ಕದಲ್ಲಿ ಅವಳು ಎಲ್ಲಿ ತಡವರಿಸಿದಳು ಅಂತ ಅವರಿಗೆ ಹೇಳಿ ಬನ್ನಿ.